ರೊಕ್ಕ ಹಿಡಿದು ನಿಂತವರ ಸಾಲು

‘ಇನ್ವೆಸ್ಟರ್ ವೀಸಾ’ ಎಂಬ ಮಾತು ಸಿಂಧನೂರಿಗೆ ಹೊಸದು. ರೊಕ್ಕ ತಂದು ನೆಲೆ ನಿಂತ ವಲಸಿಗರು ಮಾತ್ರ ಹೊಸಬರಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಹರಿದ ಮೇಲೆ ಕೃಷ್ಣಾ, ಗುಂಟೂರು, ಗೋದಾವರಿ ಜಿಲ್ಲೆಗಳ ರೈತರು ಅಲ್ಲಿನ ದುಬಾರಿ ಹೊಲ ಮಾರಿ, ಇಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಎರೆಭೂಮಿ ಕೊಂಡರು. ಅವರ ಕ್ಯಾಂಪುಗಳೇ ಇಂದು ಭತ್ತದ ಊರುಗಳು. ಅದೇ ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಿಗೆ ಪೂರ್ವ ಪಾಕಿಸ್ತಾನದಿಂದ ಬರಿಗೈಯಲ್ಲಿ ಬಂದವರು ಪೌರತ್ವಕ್ಕಾಗಿ ದಶಕಗಟ್ಟಲೆ ಕಾದರು. ಇನ್ನು ಲಿಂಗಸುಗೂರು, ಮಸ್ಕಿ ಕಡೆಯ ನೀರು ಮುಟ್ಟದ ಹಳ್ಳಿಗಳವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅವರಿಗೆ ಯಾವ ವೀಸಾವೂ ಬೇಡ, ಯಾರೂ ಲೆಕ್ಕವನ್ನೂ ಇಡುವುದಿಲ್ಲ.

ಈಗ ಕ್ಯಾಂಪಿನ ಮೊಮ್ಮಕ್ಕಳ ಸರದಿ. ನನ್ನ ಸಹಪಾಠಿಯೊಬ್ಬನ ಮನೆಯಲ್ಲಿ ಹೊಲ ಮಾರಿ ಅಮೆರಿಕದ ‘ಇಬಿ-5’ ವೀಸಾ ಮಾಡಿಸುವ ಚರ್ಚೆ ನಡೆದಿದೆ. ಅವನಿಗೂ ನನ್ನಂತೆ ಇಪ್ಪತ್ತು. ಈ ದಾರಿ ಹಿಡಿಯುವವರು ಯಾರು ಎಂಬ ಕುತೂಹಲಕ್ಕೆ ಅಂಕಿ-ಅಂಶ ಹುಡುಕಿ ಓದಿದೆ.

1990ರ ಕಾನೂನಿನಿಂದ ಬಂದ ಈ ವೀಸಾಕ್ಕೆ ಕನಿಷ್ಠ 5 ಲಕ್ಷ ಡಾಲರ್ ಸಾಕಿತ್ತು. 2022ರಿಂದ ಅದು 8 ಲಕ್ಷ, ಅಂದರೆ ಸುಮಾರು 7 ಕೋಟಿ ರೂಪಾಯಿ. ಆ ಹಣದಿಂದ ಅಲ್ಲಿ 10 ಜನರಿಗೆ ಕೆಲಸ ಹುಟ್ಟಬೇಕು. ವರ್ಷಕ್ಕೆ ಹೆಂಡತಿ, ಮಕ್ಕಳೂ ಸೇರಿ ಸುಮಾರು 10 ಸಾವಿರ ವೀಸಾ. ಒಂದು ದೇಶಕ್ಕೆ ಶೇ 7ರಷ್ಟು. ಬೇರೆಯವರು ಬಳಸದೆ ಉಳಿದದ್ದು ಮಾತ್ರ ಹೆಚ್ಚುವರಿ.

2000ದ ದಶಕದಲ್ಲಿ ದಕ್ಷಿಣ ಕೊರಿಯಾದವರದು ದೊಡ್ಡ ಪಾಲು. ಆಮೇಲೆ ಚೀನಾ ಬಂತು ನೋಡಿ! 2014ರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ವೀಸಾ ಚೀನೀಯರ ಪಾಲಾದವು. ಅದೇ ವರ್ಷ ಆಗಸ್ಟ್‌ಗೆ ಅವರ ಕೋಟಾ ಮುಗಿದು ಬಾಗಿಲು ಮುಚ್ಚಿತು. ಕಾಯುವ ಅವಧಿ ಹತ್ತು ವರ್ಷ ದಾಟುವ ಲಕ್ಷಣ ಕಂಡಿತು. ಹೊರದೇಶಕ್ಕೆ ಹಣ ಕಳಿಸುವುದನ್ನು ಅವರ ಸರ್ಕಾರವೂ ಬಿಗಿ ಮಾಡಿತು. ಏಜೆಂಟರು ಬೇರೆ ದೇಶಗಳತ್ತ ತಿರುಗಿದರು. 2018ರಲ್ಲಿ ವಿಯೆಟ್ನಾಂ ಮಿತಿ ಮುಟ್ಟಿತು, 2019ರಲ್ಲಿ ಭಾರತ. 2014ರಲ್ಲಿ ನೂರು ವೀಸಾವನ್ನೂ ಮುಟ್ಟದ ಭಾರತೀಯರು ಐದೇ ವರ್ಷದಲ್ಲಿ ಏಳುನೂರು ದಾಟಿದ್ದರು.

ನಮ್ಮವರೆಲ್ಲ ಏಕಾಏಕಿ ಶ್ರೀಮಂತರಾದರೇ? ನನಗೆ ಹಾಗನಿಸುವುದಿಲ್ಲ. ಎಚ್-1ಬಿ ಮೇಲೆ ಹೋದ ಎಂಜಿನಿಯರುಗಳು ಹತ್ತು ವರ್ಷ ದುಡಿದರೂ ಗ್ರೀನ್ ಕಾರ್ಡ್ ಸರದಿ ಬರುತ್ತಿಲ್ಲ. ಮುಂಬಾಗಿಲಲ್ಲಿ ನೂಕುನುಗ್ಗಲು, ರೊಕ್ಕ ಇದ್ದವರು ಪಕ್ಕದ ಬಾಗಿಲು ಹುಡುಕುತ್ತಾರೆ. ಅಲ್ಲಿ ಓದುತ್ತಿರುವ ಮಕ್ಕಳ ಹೆಸರಿಗೆ ಅಪ್ಪ-ಅಮ್ಮ ಹಣವನ್ನು ಉಡುಗೊರೆಯಾಗಿ ಕೊಟ್ಟು ಅರ್ಜಿ ಹಾಕಿಸುವುದೂ ಇದೆ.

ಆದರೆ ಹೊಲ ಮಾರಿದ ಮಾತ್ರಕ್ಕೆ ಮುಗಿಯದು. ರಿಸರ್ವ್ ಬ್ಯಾಂಕ್ ನಿಯಮದಂತೆ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಕಳಿಸಬಹುದಾದದ್ದು 2.5 ಲಕ್ಷ ಡಾಲರ್ ಮಾತ್ರ. ಹಾಗಾಗಿ ಮನೆಯ ನಾಲ್ವರ ಹೆಸರಲ್ಲಿ ಹಂಚಿ ಕಳಿಸಬೇಕು. ಹಣ ಎಲ್ಲಿಂದ ಬಂತೆಂದು ರುಜುವಾತು ಬೇಕು: ಪಹಣಿ, ಖರೀದಿ ಪತ್ರ, ಬ್ಯಾಂಕ್ ಲೆಕ್ಕ. ತಾತನ ಕಾಲದ ತೆಲುಗು ಕಾಗದಗಳನ್ನು ಗೆಳೆಯನ ಮನೆಯವರು ಈಗ ಇಂಗ್ಲಿಷಿಗೆ ಅನುವಾದ ಮಾಡಿಸುತ್ತಿದ್ದಾರೆ. ಹಣ ವಾಪಸ್ ಬರುತ್ತದೆಂಬ ಖಾತರಿಯನ್ನೂ ಕಾನೂನೇ ಕೊಡುವುದಿಲ್ಲ. ವರ್ಮಾಂಟ್ ರಾಜ್ಯದ ಜೇ ಪೀಕ್ ರೆಸಾರ್ಟ್ ಯೋಜನೆಯ ವಂಚನೆ 2016ರಲ್ಲಿ ಬಯಲಾದಾಗ, ಅದರಲ್ಲಿ 70ಕ್ಕೂ ಹೆಚ್ಚು ದೇಶಗಳವರ ಹಣವಿತ್ತು.

ಗೆಳೆಯನಿಗೆ ಆತುರ ಬೇರೆಯದೇ. ಅಪ್ಪನ ಅರ್ಜಿಯಲ್ಲಿ ಮಗ ಸೇರಬೇಕಾದರೆ ವಯಸ್ಸು 21 ದಾಟಿರಬಾರದು. ಅರ್ಜಿ ಪರಿಶೀಲನೆಯಲ್ಲಿರುವಷ್ಟು ದಿನವನ್ನು ವಯಸ್ಸಿನಿಂದ ಕಳೆಯುತ್ತಾರೆ, ನಿಜ. ಆದರೆ ಒಪ್ಪಿಗೆ ಸಿಕ್ಕ ಮೇಲೂ ದೇಶದ ಸಾಲು ಮುಂದೆ ಸರಿಯದಿದ್ದರೆ ಗಡಿಯಾರ ಮತ್ತೆ ಓಡುತ್ತದೆ. ಚೀನಾದ ಎಷ್ಟೋ ಮಕ್ಕಳು ಹೀಗೆಯೇ ಅಪ್ಪನ ಅರ್ಜಿಯಿಂದ ಹೊರಬಿದ್ದರು.

‘ಕೆನಡಾ ಪಾಸ್‌ಪೋರ್ಟ್ ಮಾಡಿಸಿಕೊಂಡರೆ ಆ ದೇಶದ ಸಾಲಿಗೆ ಹೋಗಬಹುದಲ್ಲ?’ ಎಂದು ಹಾಸ್ಟೆಲ್‌ನಲ್ಲಿ ಒಬ್ಬ ಕೇಳಿದ. ಹೋಗಲಾಗದು. ಅಮೆರಿಕ ನೋಡುವುದು ಪಾಸ್‌ಪೋರ್ಟನ್ನಲ್ಲ, ಹುಟ್ಟಿದ ದೇಶವನ್ನು. ಲಿಂಗಸುಗೂರಿನಲ್ಲಿ ಹುಟ್ಟಿದವನು ಟೊರಾಂಟೊದಲ್ಲಿ ನೆಲೆಸಿ ಅಲ್ಲಿನ ಪ್ರಜೆಯಾದರೂ ಭಾರತದ ಸಾಲಿನಲ್ಲೇ ನಿಲ್ಲಬೇಕು. ಬೇರೆ ದೇಶದಲ್ಲಿ ಹುಟ್ಟಿದ ಹೆಂಡತಿ ಇದ್ದರೆ ಆಕೆಯ ಸಾಲಿಗೆ ಸೇರಿಕೊಳ್ಳಬಹುದು, ಅಷ್ಟೇ. ಇದನ್ನು ಕೇಳಿದ ಗೆಳೆಯ ಮನೆಗೆ ಹೇಳಿಲ್ಲ.