ಮಗುವಿನ ಅಂಗಿ ಎತ್ತಿ ಎದೆ ನೋಡಿ

ಕೆಲವು ವರ್ಷಗಳ ಹಿಂದಿನ ಮಾತು. ಜೇವರ್ಗಿ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ತಾಯಿ ಏಳು ತಿಂಗಳ ಮಗುವನ್ನು ನನ್ನ ದವಾಖಾನೆಗೆ ತಂದಿದ್ದರು. "ಹಕೀಂ ಸಾಬ್, ಮೂರು ದಿನದಿಂದ ಪಸ್ಲಿ ಚಲ್ತಾ ಇದೆ. ಇವನ ಅಬ್ಬಾ ಪುಣೆಗೆ ಕೆಲಸಕ್ಕೆ ಹೋಗಿದ್ದಾರೆ. ಅವರನ್ನು ಕೇಳದೆ ಕಲಬುರಗಿಗೆ ಹೇಗೆ ಹೋಗಲಿ?" ಎಂದರು. ಅಂಗಿ ಎತ್ತಿ ನೋಡಿದೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆಯುತ್ತಿತ್ತು, ತುಟಿ ನೀಲಿಗಟ್ಟಿತ್ತು. ಕೂಡಲೇ 108ಕ್ಕೆ ಕರೆ ಮಾಡಿ ಕಳಿಸಿದೆ. ಮಗು ಉಳಿಯಲಿಲ್ಲ. ಮೊದಲ ದಿನವೇ ಬಂದಿದ್ದರೆ ಉಳಿಯುವ ಅವಕಾಶ ಬಹಳ ಹೆಚ್ಚಿತ್ತು.

ನಾವು ಪಸ್ಲಿ ಚಲ್ನಾ ಎನ್ನುವುದೇ ನ್ಯುಮೋನಿಯಾ. ಯುನಾನಿಯಲ್ಲಿ ಇದರ ಹೆಸರು ಜಾತುರ್ರಿಯಾ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ಇದರಿಂದ ತೀರಿಕೊಂಡರು. ಚಿಕಿತ್ಸೆ ಇರುವ ಕಾಯಿಲೆ ಇದು. ಹಾಗಿದ್ದೂ ಒಂದು ಮಗು ನಾಲ್ಕೇ ದಿನದಲ್ಲಿ ಆಡಿಕೊಂಡು ಮನೆಗೆ ಬರುತ್ತದೆ, ಇನ್ನೊಂದು ಬರುವುದೇ ಇಲ್ಲ. ಈ ವ್ಯತ್ಯಾಸ ಏಕೆ?

ಯಾವ ಮಕ್ಕಳಿಗೆ ಅಪಾಯ ಹೆಚ್ಚು?

ಮೊದಲನೆಯದು ವಯಸ್ಸು. ವರ್ಷ ತುಂಬದ ಕೂಸುಗಳಿಗೆ, ಅದರಲ್ಲೂ ಎರಡು ತಿಂಗಳೊಳಗಿನವಕ್ಕೆ ಅಪಾಯ ಹೆಚ್ಚು. ದಿನ ತುಂಬುವ ಮೊದಲೇ ಹುಟ್ಟಿದ, ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಅಥವಾ ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಮಗುವಿನ ವಿಷಯದಲ್ಲಿ ಒಂದು ರಾತ್ರಿಯೂ ಕಾಯಬಾರದು.

ಎರಡನೆಯದು ಅಪೌಷ್ಟಿಕತೆ. ಬಡಕಲಾದ ಮಗುವಿಗೆ ರೋಗದ ಜೊತೆ ಹೋರಾಡುವ ಶಕ್ತಿ ಇರುವುದಿಲ್ಲ. ಕೆಲವೊಮ್ಮೆ ಅಂಥ ಮಗುವಿಗೆ ಜ್ವರವೂ ಬರುವುದಿಲ್ಲ, ಕೆಮ್ಮೂ ಜೋರಾಗಿರುವುದಿಲ್ಲ. ಮನೆಯವರು "ಹುಷಾರಾಗಿದೆ, ಸುಮ್ಮನೆ ಮಲಗಿದೆ" ಎಂದುಕೊಳ್ಳುತ್ತಾರೆ. ಅಂಗನವಾಡಿಯಲ್ಲಿ ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಇರುತ್ತದೆ. ಅಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ, ಅಂದರೆ ಕೆಂಪು ತೋರಿದರೆ, ಅದು ತೀವ್ರ ಅಪೌಷ್ಟಿಕತೆ. ಸುಗ್ಗಿಗೆ, ಕಬ್ಬು ಕಡಿಯಲು, ಪುಣೆ–ಮುಂಬೈ ಕಡೆ ಕೂಲಿಗೆ ಹೋಗುವ ಕುಟುಂಬಗಳ ಮಕ್ಕಳು ಈ ಅಳತೆಯನ್ನೂ ಲಸಿಕೆಯನ್ನೂ ತಪ್ಪಿಸಿಕೊಳ್ಳುತ್ತಾರೆ. ಊರಿಗೆ ಮರಳಿದ ವಾರವೇ ಅಂಗನವಾಡಿಗೆ ಹೋಗಿ, ತಾಯಿ ಕಾರ್ಡ್ ತೋರಿಸಿ.

ಮೂರನೆಯದು ರಕ್ತದಲ್ಲಿ ಆಮ್ಲಜನಕ ಇಳಿಯುವುದು. 90ಕ್ಕಿಂತ ಕೆಳಗಿಳಿದರೆ ಆಕ್ಸಿಜನ್ ಬೇಕೇ ಬೇಕು, ಅದನ್ನು ಮನೆಯಲ್ಲಿ ಕೊಡಲಾಗದು. ಕೋವಿಡ್ ಕಾಲದಲ್ಲಿ ಕೊಂಡ ದೊಡ್ಡವರ ಬೆರಳಿನ ಯಂತ್ರ ಕೂಸಿನ ಬೆರಳಿಗೆ ಸರಿಯಾಗಿ ಕೂರುವುದಿಲ್ಲ. ಅದರ ಅಂಕಿ ನಂಬಿ ಕೂರಬೇಡಿ.

ನಾಲ್ಕನೆಯದು ತಡ. ಆಳಂದ, ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿ.ಮೀ.; ಅಫಜಲಪುರದಿಂದ ಇನ್ನೂ ದೂರ. ಆದರೆ ರಸ್ತೆಯಲ್ಲಿ ಕಳೆಯುವ ಹೊತ್ತಿಗಿಂತ ಹೊಸ್ತಿಲಲ್ಲಿ ಕಳೆಯುವ ಹೊತ್ತೇ ಹೆಚ್ಚು: ಗಂಡಸರು ಬರಲಿ, ಮೊದಲು ದಂ ಮಾಡಿಸೋಣ, ಸೂಜಿ ಹಾಕುವವನಿಗೆ ತೋರಿಸೋಣ. ದುಆ ಖಂಡಿತ ಮಾಡಿ, ಆದರೆ ಆಸ್ಪತ್ರೆಯ ದಾರಿಯಲ್ಲಿ ಮಾಡಿ.

ಉಸಿರು ಎಣಿಸುವುದು ಹೇಗೆ?

ಮಗು ಅಳದೆ, ಹಾಲು ಕುಡಿಯದೆ ಶಾಂತವಾಗಿರುವಾಗ ಅಂಗಿ ಎತ್ತಿ, ಮೊಬೈಲಿನಲ್ಲಿ ಒಂದು ನಿಮಿಷ ಹಿಡಿದು ಹೊಟ್ಟೆ–ಎದೆ ಎಷ್ಟು ಬಾರಿ ಏರುತ್ತದೆ ಎಂದು ಪೂರ್ತಿ ಎಣಿಸಿ. ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು:

- ಎರಡು ತಿಂಗಳೊಳಗೆ: 60
- ಎರಡು ತಿಂಗಳಿಂದ ಒಂದು ವರ್ಷದೊಳಗೆ: 50
- ಒಂದರಿಂದ ಐದು ವರ್ಷದೊಳಗೆ: 40

ವೇಗದ ಉಸಿರಿದ್ದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಎರಡು ತಿಂಗಳೊಳಗಿನ ಕೂಸಾದರೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ. ಪಕ್ಕೆ ಒಳಗೆ ಸೆಳೆಯುವುದು, ಹಾಲು–ನೀರು ಕುಡಿಯಲಾಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಫಿಟ್ಸ್, ಎಬ್ಬಿಸಿದರೂ ಏಳದಿರುವುದು, ನರಳುತ್ತ ಉಸಿರಾಡುವುದು, ತುಟಿ–ನಾಲಿಗೆ ನೀಲಿಯಾಗುವುದು, ಇವುಗಳಲ್ಲಿ ಒಂದಿದ್ದರೂ ಯಾರಿಗೂ ಕಾಯದೆ 108ಕ್ಕೆ ಕರೆ ಮಾಡಿ.

ಇವನ್ನು ಮಾಡಬೇಡಿ

ನಾನು ಯುನಾನಿ ವೈದ್ಯ. ದೊಡ್ಡವರ ನೆಗಡಿಗೆ ಜೋಶಾಂದಾ ಕೊಡುತ್ತೇನೆ. ಆದರೆ ಪಕ್ಕೆ ಸೆಳೆಯುವ ಮಗುವಿಗೆ ಜೋಶಾಂದಾ, ಶರಬತ್ತು, ಲವೂಕ್ ಯಾವುದೂ ಮದ್ದಲ್ಲ. ಅದಕ್ಕೆ ಆಕ್ಸಿಜನ್ನೂ ಸರಿಯಾದ ಆ್ಯಂಟಿಬಯೋಟಿಕ್ಕೂ ಬೇಕು. ಎದೆಗೆ ಬರೆ ಹಾಕಬೇಡಿ. ಮೂಗಿಗೆ ಎಣ್ಣೆ ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕರ್ಪೂರ ತಿಕ್ಕಬೇಡಿ. ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬೇಡಿ. ಅಂಗಡಿಯ ಕೆಮ್ಮಿನ ಸಿರಪ್ ಹಾಕಬೇಡಿ. ಏದುಸಿರಿನ ಮಗುವಿನ ಬಾಯಿಗೆ ಬಲವಂತವಾಗಿ ಏನನ್ನೂ ಹುಯ್ಯಬೇಡಿ. ವೈದ್ಯರು ಬರೆದ ಔಷಧಿಯನ್ನು ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬೇಡಿ.

ಮೊದಲೇ ಕಾಪಾಡುವುದು

ಆರು ತಿಂಗಳವರೆಗೆ ತಾಯಿ ಹಾಲು ಮಾತ್ರ ಸಾಕು; ಘುಟ್ಟಿ, ನೀರು ಬೇಡ. ಆಮೇಲೆ ಮೆತ್ತಗಿನ ಊಟದ ಜೊತೆ ಎರಡು ವರ್ಷದವರೆಗೂ ಎದೆಹಾಲು ಇರಲಿ. ನಮ್ಮ ತೊಗರಿಬೇಳೆ, ಅನ್ನ, ಮೊಟ್ಟೆ, ತುಸು ಎಣ್ಣೆ ಮಗುವಿಗೆ ಒಳ್ಳೆಯ ಆಹಾರ.

ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಪೆಂಟಾವೇಲೆಂಟ್ 6, 10, 14ನೇ ವಾರದಲ್ಲಿ. ನ್ಯುಮೋಕಾಕಲ್ ಲಸಿಕೆ 6, 14ನೇ ವಾರ ಮತ್ತು 9ನೇ ತಿಂಗಳಲ್ಲಿ. ದಡಾರದ ಲಸಿಕೆ 9ನೇ ತಿಂಗಳಲ್ಲಿ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ. ಒಂದು ತಪ್ಪಿದ್ದರೆ "ಆಗಿಹೋಯಿತು" ಎನ್ನಬೇಡಿ, ಆಶಾ ಕಾರ್ಯಕರ್ತೆಯನ್ನು ಕೇಳಿ.

ತೊಗರಿ ಕಟ್ಟಿಗೆಯ ಒಲೆ ಉರಿಯುವಾಗ ಕೂಸು ತೊಡೆಯ ಮೇಲಿರದಿರಲಿ. ಮನೆಯೊಳಗೆ ಬೀಡಿ, ಸಿಗರೇಟು ಸೇದಬೇಡಿ. ವುಜೂ ಮಾಡುವ ಮನೆಯಲ್ಲಿ ಕೈತೊಳೆಯುವುದು ಹೊಸದಲ್ಲ. ಮಗುವನ್ನು ಎತ್ತಿಕೊಳ್ಳುವ ಮುನ್ನವೂ ಸೋಪಿನಿಂದ ಕೈ ತೊಳೆಯಿರಿ.

ಕೊನೆಗೆ ಮನೆಯ ಗಂಡಸರಿಗೆ ಒಂದು ಮಾತು. ಕೆಲಸಕ್ಕೆ ಊರು ಬಿಡುವ ಮೊದಲು ಹೆಂಡತಿಗೆ, ಅಮ್ಮನಿಗೆ ಹೀಗೆ ಹೇಳಿ ಹೋಗಿ: "ಮಗುವಿಗೆ ಉಸಿರು ಕಟ್ಟಿದರೆ ನನ್ನ ಫೋನಿಗೆ ಕಾಯಬೇಡಿ, ಹೊರಡಿ." ಒಂದಿಷ್ಟು ಹಣವನ್ನೂ ತಾಯಿ ಕಾರ್ಡನ್ನೂ ಒಂದೇ ಚೀಲದಲ್ಲಿಟ್ಟು ಹೋಗಿ. ಆ ತಾಯಿಗೆ ಮೂರು ದಿನ ಸಿಗದೇ ಹೋದದ್ದು ಈ ಒಂದು ಮಾತು.