ಕತ್ತಲೆಯಲ್ಲಿ ಬೆಳಗಿದ ಗಾನ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪ್ರಕಾರಗಳಲ್ಲಿ ಒರಟೋರಿಯೋ ಎಂಬುದು ಗಂಭೀರವೂ ಭವ್ಯವೂ ಆದುದು. ಸಾಮಾನ್ಯವಾಗಿ ಬೈಬಲಿನ ಒಂದು ಕಥೆಯೇ ಅದರ ವಸ್ತು. ಗಾಯಕರು ಪಾತ್ರಗಳ ಮಾತನ್ನು ಹಾಡುತ್ತಾರೆಯೇ ಹೊರತು ವೇಷ ಧರಿಸುವುದಿಲ್ಲ, ಅಭಿನಯಿಸುವುದಿಲ್ಲ. ಬಣ್ಣ ಕುಣಿತಗಳಿಲ್ಲದೆ ಕಥೆಯನ್ನು ಕಣ್ಣಿಗೆ ಕಟ್ಟಿಸುವ ನಮ್ಮ ತಾಳಮದ್ದಳೆಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಪಾತ್ರಗಳ ಸಂಭಾಷಣೆ ಮಾತಿಗೆ ಸಮೀಪವಾದ ಗಾನದಲ್ಲಿ ಸಾಗುತ್ತದೆ; ಅವರ ಹರ್ಷಶೋಕಗಳು ಪೂರ್ಣಪ್ರಮಾಣದ ಹಾಡುಗಳಾಗಿ ಅರಳುತ್ತವೆ. ನಡೆದುದನ್ನು ಕಂಡು ಮರುಗುವ, ಬೆರಗಾಗುವ ಜನಸಮುದಾಯದ ದನಿಯೇ ಮೇಳಗಾನ.

ಬರೋಕ್ ಯುಗದಲ್ಲಿ ಈ ಪ್ರಕಾರವನ್ನು ಇಂಗ್ಲೆಂಡಿನಲ್ಲಿ ಉನ್ನತಿಗೇರಿಸಿದವನು ಜಾರ್ಜ್ ಫ್ರೆಡರಿಕ್ ಹ್ಯಾಂಡೆಲ್. 1685ರಲ್ಲಿ ಜರ್ಮನಿಯ ಹಾಲೆ ಪಟ್ಟಣದಲ್ಲಿ ಜನಿಸಿದ ಈತನು ಲಂಡನ್ನಿನಲ್ಲಿ ನೆಲೆಸಿ, ಇಟಾಲಿಯನ್ ಗೀತನಾಟಕಗಳಿಂದ ಪ್ರಸಿದ್ಧನಾದನು. ಪವಿತ್ರ ಗ್ರಂಥದ ಕಥೆಯನ್ನು ರಂಗಮಂದಿರದಲ್ಲಿ ಅಭಿನಯಿಸುವುದು ಅಂದಿನ ಧರ್ಮಾಧಿಕಾರಿಗಳಿಗೆ ಸಮ್ಮತವಿರಲಿಲ್ಲ. ಆದುದರಿಂದ 1732ರಲ್ಲಿ ಅವನ ‘ಎಸ್ತರ್’ ಕೃತಿಯು ಅಭಿನಯವಿಲ್ಲದೆಯೇ ಪ್ರಸ್ತುತವಾಯಿತು. ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ವ್ರತದ ಬುಧವಾರ ಶುಕ್ರವಾರಗಳಂದು ಲಂಡನ್ನಿನಲ್ಲಿ ನಾಟಕಗಳಿಗೆ ಅವಕಾಶವಿರಲಿಲ್ಲ. ಬರಿದಾಗಿದ್ದ ಆ ಸಂಜೆಗಳನ್ನು ಹ್ಯಾಂಡೆಲನು ಒರಟೋರಿಯೋಗಳಿಂದ ತುಂಬಿದನು. ಹೀಗೆ ವ್ರತದ ದಿನಗಳೇ ಸಂಗೀತದ ಋತುವಾದವು.

1752ರ ಋತುವಿಗಾಗಿ ಅವನು ಆರಿಸಿಕೊಂಡುದು ಯೆಪ್ತಾಹನ ಕಥೆಯನ್ನು. ಇದು ಬೈಬಲಿನ ನ್ಯಾಯಸ್ಥಾಪಕರ ಗ್ರಂಥದಲ್ಲಿದೆ. ಇಸ್ರಾಯೇಲ್ಯರ ಸೇನಾನಾಯಕನಾದ ಯೆಪ್ತಾಹನು ಅಮ್ಮೋನಿಯರ ಮೇಲೆ ಯುದ್ಧಕ್ಕೆ ಹೊರಡುವಾಗ ದೇವರಿಗೆ ಒಂದು ಹರಕೆ ಹೊರುತ್ತಾನೆ: ಜಯಶಾಲಿಯಾಗಿ ಮರಳಿದರೆ, ತನ್ನ ಮನೆಯ ಬಾಗಿಲಿನಿಂದ ಮೊದಲು ಎದುರುಬಂದುದನ್ನು ಬಲಿಯಾಗಿ ಅರ್ಪಿಸುವೆನೆಂದು. ಜಯ ದೊರೆಯಿತು. ಆದರೆ ವಾದ್ಯ ನುಡಿಸುತ್ತ, ಕುಣಿಯುತ್ತ ತಂದೆಯನ್ನು ಸ್ವಾಗತಿಸಲು ಮೊದಲು ಬಂದವಳು ಅವನ ಏಕಮಾತ್ರ ಪುತ್ರಿ! ಕೊಟ್ಟ ಮಾತು ಒಂದು ಕಡೆ, ಕರುಳಿನ ಕರೆ ಇನ್ನೊಂದು ಕಡೆ.

ಥಾಮಸ್ ಮೊರೆಲ್ ರಚಿಸಿದ ಸಾಹಿತ್ಯಕ್ಕೆ ಹ್ಯಾಂಡೆಲನು 1751ರ ಜನವರಿಯಲ್ಲಿ ಸಂಗೀತ ಸಂಯೋಜಿಸತೊಡಗಿದನು. ಎರಡನೆಯ ಅಂಕದ ಕೊನೆಯ ಮೇಳಗಾನಕ್ಕೆ ಬಂದನು. ದೈವಸಂಕಲ್ಪವು ಕತ್ತಲೆಯಂತೆ ಮಾನವನ ದೃಷ್ಟಿಗೆ ನಿಲುಕದೆಂದು ಜನಸಮುದಾಯವು ಶೋಕಿಸುವ ಸಂದರ್ಭವದು. ಅಲ್ಲಿಗೆ ಅವನ ಲೇಖನಿ ನಿಂತಿತು. ಎಡಗಣ್ಣಿನ ದುರ್ಬಲತೆಯಿಂದ ಮುಂದುವರಿಯಲಾಗಲಿಲ್ಲವೆಂದು ಫೆಬ್ರವರಿ 13ರಂದು ಅವನು ಹಸ್ತಪ್ರತಿಯಲ್ಲಿಯೇ ಜರ್ಮನ್ ಭಾಷೆಯಲ್ಲಿ ಬರೆದಿಟ್ಟನು. ಹತ್ತು ದಿನಗಳ ಬಳಿಕ, ತನ್ನ ಅರುವತ್ತಾರನೆಯ ಹುಟ್ಟುಹಬ್ಬದಂದು, ಕಣ್ಣು ತುಸು ಸುಧಾರಿಸಿದೆಯೆಂದು ಗುರುತುಮಾಡಿ ಕೆಲಸವನ್ನು ಮತ್ತೆ ಕೈಗೊಂಡನು. ಬರೆಯುವುದು, ನಿಲ್ಲಿಸುವುದು, ಮತ್ತೆ ಬರೆಯುವುದು, ಹೀಗೆ ತಿಂಗಳುಗಳು ಕಳೆದವು. ಮಿಂಚಿನ ವೇಗದಲ್ಲಿ ಬರೆಯುತ್ತಿದ್ದವನು ಅವನು. ‘ಮೆಸ್ಸಾಯ’ವನ್ನು 1741ರಲ್ಲಿ ರಚಿಸಲು ಅವನಿಗೆ ಹಿಡಿದುದು ಇಪ್ಪತ್ತನಾಲ್ಕು ದಿನಗಳು ಮಾತ್ರ. ‘ಜೆಫ್ತಾ’ ಮುಗಿದುದು ಆಗಸ್ಟ್ 30ರಂದು.

1752ರ ಫೆಬ್ರವರಿ 26ರಂದು ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಅದು ಮೊದಲ ಬಾರಿಗೆ ಪ್ರಸ್ತುತವಾಯಿತು. ಜಾನ್ ಬಿಯರ್ಡ್ ಯೆಪ್ತಾಹನ ಪಾತ್ರವನ್ನು ಹಾಡಿದನು. ಮೂಲಕಥೆಯಲ್ಲಿ ಹರಕೆಯಂತೆಯೇ ನಡೆಯುತ್ತದೆ; ಮೊರೆಲನ ಸಾಹಿತ್ಯದಲ್ಲಿ ದೇವದೂತನು ಬಂದು ಬಲಿಯನ್ನು ತಡೆಯುತ್ತಾನೆ. ಕನ್ಯೆಯು ದೇವರ ಸೇವೆಗೆ ಮುಡಿಪಾಗಿ ಬದುಕಿ ಉಳಿಯುತ್ತಾಳೆ.

ಕೃತಿಯ ಕನ್ಯೆಗೆ ದೊರೆತ ಅಭಯವು ಕೃತಿಕಾರನಿಗೆ ದೊರೆಯಲಿಲ್ಲ. ಚಿಕಿತ್ಸೆಗಳು ಫಲಿಸದೆ, 1753ರ ಹೊತ್ತಿಗೆ ಅವನು ದೃಷ್ಟಿಯನ್ನು ಸಂಪೂರ್ಣವಾಗಿ ಕಳೆದುಕೊಂಡನು. ಆದರೂ ಸಂಗೀತದ ಋತು ನಿಲ್ಲಲಿಲ್ಲ. ಜಾನ್ ಕ್ರಿಸ್ಟಫರ್ ಸ್ಮಿತ್ ಎಂಬ ಶಿಷ್ಯನು ಮೇಳವನ್ನು ನಡೆಸಲು ನೆರವಾದನು. ಅಂಕಗಳ ನಡುವೆ ಹ್ಯಾಂಡೆಲನು ನೆನಪಿನಿಂದಲೂ ಮನೋಧರ್ಮದಿಂದಲೂ ಆರ್ಗನ್ ನುಡಿಸುತ್ತಿದ್ದನು. 1759ರ ಏಪ್ರಿಲ್ 6ರಂದು, ಆ ವರ್ಷದ ಋತುವಿನ ಕೊನೆಯ ಕಾರ್ಯಕ್ರಮದಲ್ಲಿ, ಅವನು ‘ಮೆಸ್ಸಾಯ’ವನ್ನು ಕೇಳಿದನು. ಎಂಟು ದಿನಗಳ ಅನಂತರ ಕಣ್ಮುಚ್ಚಿದನು.

‘ಜೆಫ್ತಾ’ದ ಆ ಮೇಳಗಾನವನ್ನು ಇಂದಿಗೂ ಸಭೆಗಳಲ್ಲಿ ಹಾಡುತ್ತಾರೆ. ಕೇಳುಗರಿಗೆ ಅದರಲ್ಲಿ ಎಲ್ಲಿಯೂ ತಡೆ ತಿಳಿಯುವುದಿಲ್ಲ. ಲೇಖನಿ ನಿಂತ ಸ್ಥಳವನ್ನು ಬಲ್ಲುದು ಹಸ್ತಪ್ರತಿಯೊಂದೇ.