ತ್ರಿಕೋನ ಅಲ್ಲಾಡಲ್ಲ, ಚೌಕ ಯಾಕೆ ಮಲಗುತ್ತೆ?

ಒಂದು ಬೆಂಕಿಪೊಟ್ಟಣ, ಒಂದು ಬ್ಲೇಡು, ಒಂದು ಜಾಲಿಮುಳ್ಳು, ಎರಡು ಗೇಣು ವಾಲ್‌ಟ್ಯೂಬು. ಇಷ್ಟಿದ್ದರೆ ಸಾಕು, ಮನೆ ಜಗುಲಿ ಮೇಲೆ ಕೂತು ಎಂಜಿನಿಯರ್ ಕೆಲಸ ಮಾಡಬಹುದು. ವಾಲ್‌ಟ್ಯೂಬು ಅಂದರೆ ಸೈಕಲ್ಲಿಗೆ ಗಾಳಿ ಹೊಡೆಯುವ ಕಡೆ ಒಳಗಿರುತ್ತಲ್ಲ, ಆ ಸಣ್ಣ ರಬ್ಬರ್ ನಳಿಕೆ. ಸೈಕಲ್ ಶಾಪಿನಲ್ಲಿ ಸಿಗುತ್ತೆ.

ಇದನ್ನು ಮಕ್ಕಳಿಗೆ ಕಲಿಸಿದವರು ಅರವಿಂದ ಗುಪ್ತಾ. ಇವರು ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಎಂಜಿನಿಯರ್. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ 1972ರಲ್ಲಿ ಒಂದು ವಿಜ್ಞಾನ ಕಾರ್ಯಕ್ರಮ ಶುರುವಾಗಿತ್ತು. 1978ರಲ್ಲಿ ಗುಪ್ತಾ ಅವರು ಕಾರ್ಖಾನೆ ಕೆಲಸಕ್ಕೆ ರಜೆ ಹಾಕಿ ಅಲ್ಲಿಗೆ ಹೋದರು. ದುಡ್ಡು ಕೊಟ್ಟು ಸಾಮಾನು ತರದೆ ಕಡ್ಡಿ, ರಬ್ಬರಿನಿಂದಲೇ ಆಟಿಕೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈಗ ಮಾಡುವ ವಿಧಾನ. ಕಡ್ಡಿಯ ಮದ್ದನ್ನು ನೀರಿನಲ್ಲಿ ನೆನೆಸಿ ಉಜ್ಜಿ ತೆಗೆಯಿರಿ. ಮೇಣದ ಕಡ್ಡಿ ಬೇಡ, ಮರದ್ದೇ ಬೇಕು. ವಾಲ್‌ಟ್ಯೂಬನ್ನು ಒಂದೂವರೆ ಸೆಂ.ಮೀ. ಉದ್ದದ ತುಂಡುಗಳಾಗಿ ಕತ್ತರಿಸಿ. (ಬ್ಲೇಡು ಹಿಡಿಯುವಾಗ ದೊಡ್ಡವರು ಯಾರಾದರೂ ಹತ್ತಿರ ಇರಲಿ.) ಒಂದು ತುಂಡಿನ ಎರಡು ಬದಿಯಿಂದಲೂ ಕಡ್ಡಿ ತೂರಿಸಿದರೆ ಅದೇ ಕೀಲು. ಮೂರು ಕಡ್ಡಿ ಮೂರು ತುಂಡಿಗೆ ತ್ರಿಕೋನ, ನಾಲ್ಕು ಕಡ್ಡಿ ನಾಲ್ಕು ತುಂಡಿಗೆ ಚೌಕ.

ಎರಡನ್ನೂ ಮೂಲೆ ಹಿಡಿದು ಒತ್ತಿ ನೋಡಿ. ಚೌಕ ವಾಲಿಕೊಂಡು ವಜ್ರದ ಆಕಾರಕ್ಕೆ ಬರುತ್ತೆ. ತ್ರಿಕೋನ ಜಪ್ಪಯ್ಯ ಅಂದರೂ ಅಲ್ಲಾಡಲ್ಲ. ಕಡ್ಡಿ ಒಂದೇ, ರಬ್ಬರು ಒಂದೇ, ಆದರೂ ಯಾಕೆ ಹೀಗೆ? ಗಣಿತದಲ್ಲಿ ಬಾಹು-ಬಾಹು-ಬಾಹು ಅಂತ ಓದುತ್ತೇವಲ್ಲ, ಅದೇ ಕಾರಣ. ಮೂರು ಬಾಹುಗಳ ಉದ್ದ ಗೊತ್ತಾದರೆ ತ್ರಿಕೋನ ಒಂದೇ ರೀತಿ ಬರುತ್ತೆ, ಕೋನ ಬದಲಾಗೋಕೆ ಜಾಗವೇ ಇಲ್ಲ. ಚೌಕದಲ್ಲಿ ನಾಲ್ಕು ಬಾಹು ಅಷ್ಟೇ ಉದ್ದ ಇದ್ದರೂ ಕೋನ 90 ಡಿಗ್ರಿ ಇರಬಹುದು, 60 ಇರಬಹುದು, 30 ಕೂಡ ಇರಬಹುದು. ತಡೆಯುವವರು ಯಾರೂ ಇಲ್ಲ.

ತಡೆಯಬೇಕಾದರೆ ಮೂಲೆಯಿಂದ ಮೂಲೆಗೆ ಒಂದು ಓರೆ ಕಡ್ಡಿ ಹಾಕಬೇಕು. ಆಗ ಚೌಕ ಎರಡು ತ್ರಿಕೋನ ಆಗುತ್ತೆ. ಎದುರುಬದುರಿನ ಎರಡು ಕೀಲಿಗೆ ಮುಳ್ಳಿನಿಂದ ತೂತು ಮಾಡಿ ತೆಂಗಿನ ಪೊರಕೆ ಕಡ್ಡಿ ತೂರಿಸಿ. ಚೌಕದ ಬದಿ 5 ಸೆಂ.ಮೀ. ಇದ್ದರೆ ಓರೆ ಕಡ್ಡಿ 7 ಸೆಂ.ಮೀ. ಬೇಕು. ಪೈಥಾಗೊರಸ್ ಪ್ರಮೇಯ ಹಾಕಿ ನೋಡಿ: 25 ಮತ್ತು 25 ಕೂಡಿದರೆ 50, ಏಳೇಳಲಿ 49, ಹತ್ತಿರ ಹತ್ತಿರ ಸರಿ. ಐದು ಕಡ್ಡಿಯ ಆಕೃತಿಗೆ ಎರಡು ಓರೆ ಕಡ್ಡಿ, ಆರು ಕಡ್ಡಿಯದಕ್ಕೆ ಮೂರು ಬೇಕಾಗುತ್ತೆ.

ಇದು ಬರೀ ಆಟ ಅಂದುಕೊಳ್ಳಬೇಡಿ. ನಮ್ಮ ಮನೆ ಕೊಟ್ಟಿಗೆ ಗಾಳಿಗೆ ಪೂರ್ವದ ಕಡೆ ವಾಲಿತ್ತು. ಒಳಗೆ ಎರಡು ಹಸು, ಒಂದು ಕರು, ಮೇಲೆ ಹೆಂಚಿನ ಭಾರ. ಮುಂಗಾರು ಗಾಳಿ ಬಂದರೆ ಏನು ಗತಿ ಅಂತ ಅಮ್ಮನಿಗೆ ರಾತ್ರಿ ನಿದ್ದೆ ಇರಲಿಲ್ಲ. ಕಂಬ ಕಿತ್ತು ಇನ್ನೂ ಆಳ ಹೂಳಬೇಕು ಅಂತ ತಾತ ಹೇಳುತ್ತಿದ್ದರು. ನಾನು ಚೌಕ ತೋರಿಸಿದೆ. "ಕಡ್ಡಿ ಬೇರೆ, ಕೊಟ್ಟಿಗೆ ಬೇರೆ ಕಣವ್ವ" ಅಂದರು. ಓರೆ ಕಡ್ಡಿ ಹಾಕಿ, "ಈಗ ಮಲಗಿಸು ತಾತ" ಅಂತ ಕೈಗೆ ಕೊಟ್ಟೆ. ಅವರು ಒತ್ತಿದರು. ಓರೆ ಕಡ್ಡಿ ಬಿಲ್ಲಿನ ಹಾಗೆ ಬಾಗಿತೇ ಹೊರತು ಚೌಕ ಮೊದಲಿನಂತೆ ಮಲಗಲಿಲ್ಲ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ದಪ್ಪ ಗಳವೇ ಬೇಕು" ಅಂದರು.

ಅಪ್ಪ ಮತ್ತು ಪಕ್ಕದ ಮನೆಯವರು ಹಗ್ಗ ಕಟ್ಟಿ ಎಳೆದು ಕಂಬ ನೆಟ್ಟಗೆ ಮಾಡಿದರು. ಒಂದು ಕಂಬದ ಬುಡದಿಂದ ಪಕ್ಕದ ಕಂಬದ ತಲೆಗೆ ಸರ್ವೆ ಗಳ ಓರೆಯಾಗಿ ಬಡಿದರು, ಎರಡೂ ಬದಿಗೆ. ಕಂಬದ ತಲೆಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಬುಡದ ಹತ್ತಿರ ಅಳೆದೆ. ಮೊದಲು ಕಲ್ಲು ಬುಡದಿಂದ 5 ಬೆರಳು ದೂರ ಇತ್ತು, ಆಮೇಲೆ 1 ಬೆರಳು. ಮಳೆ ಶುರುವಾದ ಮೇಲೆ ಪ್ರತಿ ಸೋಮವಾರ ಅಳೀತಿದ್ದೀನಿ. ಈಗಲೂ 1 ಬೆರಳೇ.

ಇನ್ನೊಂದು ತಮಾಷೆ. ಓರೆ ಕಡ್ಡಿ ತೆಗೆದು ಅಲ್ಲಿ ದಾರ ಬಿಗಿದು ಕಟ್ಟಿ. ಚೌಕ ಒಂದು ಕಡೆ ಮಾತ್ರ ಮಲಗುತ್ತೆ, ಇನ್ನೊಂದು ಕಡೆ ಮಲಗಲ್ಲ. ಯಾಕಂದ್ರೆ ದಾರಕ್ಕೆ ಎಳೆಯೋಕೆ ಬರುತ್ತೆ, ತಳ್ಳೋಕೆ ಬರಲ್ಲ. ಎರಡು ದಾರ ಗುಣಾಕಾರದ ಚಿಹ್ನೆಯಂತೆ ಕಟ್ಟಿದರೆ ಎರಡೂ ಕಡೆ ನಿಲ್ಲುತ್ತೆ. ಹೊಲದ ಗೇಟು ಜೋತುಬಿದ್ದು ನೆಲಕ್ಕೆ ತಾಗುತ್ತಿದ್ದರೆ ಇದು ನೆನಪಿರಲಿ: ಮರದ ಪಟ್ಟಿ ಹಾಕುವುದಾದರೆ ಕೆಳಗಿನ ತಿರುಗಣಿಯಿಂದ ಆಚೆ ತುದಿಯ ಮೇಲಿನ ಮೂಲೆಗೆ, ತಂತಿ ಕಟ್ಟುವುದಾದರೆ ಮೇಲಿನ ತಿರುಗಣಿಯಿಂದ ಆಚೆ ತುದಿಯ ಕೆಳಗಿನ ಮೂಲೆಗೆ. ಮರ ಗೇಟನ್ನು ತಳ್ಳಿ ಎತ್ತುತ್ತೆ, ತಂತಿ ಎಳೆದು ಎತ್ತುತ್ತೆ.

ಹೊಲದಲ್ಲಿ ಹಾದುಹೋಗುವ ದೊಡ್ಡ ಕರೆಂಟ್ ಟವರ್, ರೈಲಿನ ಕಬ್ಬಿಣದ ಸೇತುವೆ, ಸೈಕಲ್ಲಿನ ಹಿಂಚಕ್ರದ ಪಕ್ಕದ ಕೊಳವೆಗಳು, ಎಲ್ಲ ಕಡೆ ತ್ರಿಕೋನವೇ.

ಮುಂದೆ ಘನ ಮಾಡಿ ನೋಡಿ. 12 ಕಡ್ಡಿ, 8 ಕೀಲು, ಪ್ರತಿ ಕೀಲಿನ ನಡುವೆ ತೂತು ಮಾಡಿ ಮೂರನೇ ಕಡ್ಡಿ. ನಿಲ್ಲಿಸಿದ ಕೂಡಲೇ ಕುಡಿದವನ ಹಾಗೆ ತೂರಾಡುತ್ತೆ. ಆರು ಮುಖಕ್ಕೂ ಒಂದೊಂದು ಓರೆ ಕಡ್ಡಿ ಹಾಕಿದರೆ ಗಟ್ಟಿ. ಐದೇ ಹಾಕಿದರೆ ಏನಾಗುತ್ತೆ? ಮಾಡಿ ನೋಡಿದವರು ಈ ಹಾಳೆಯ ಕೆಳಗೆ ಉತ್ತರ ಬರೆಯಿರಿ. ವಾಲ್‌ಟ್ಯೂಬು ಮಿಕ್ಕಿದ್ದು ನನ್ನ ಹತ್ತಿರ ಇದೆ, ಬೇಕಾದವರು ಬಿಡುವಿನಲ್ಲಿ ಬಂದು ಕೇಳಿ.

7ನೇ ತರಗತಿ ವಿದ್ಯಾರ್ಥಿನಿ